ಹದಿನಾಲ್ಕನೆಯ ಪ್ರಶ್ನೆ

ಅರ್ಜಿಯ ಹದಿಮೂರು ಪ್ರಶ್ನೆಗಳಿಗೆ ಇಂದುವಿನ ಕೈ ಉತ್ತರ ತುಂಬಿ ನಾಲ್ಕು ದಿನವಾಗಿತ್ತು. ಹದಿನಾಲ್ಕನೆಯದರ ಎದುರು ಎರಡು ಚೌಕಗಳು, ಹೌದು ಎನ್ನುವುದಕ್ಕೊಂದು, ಇಲ್ಲ ಎನ್ನುವುದಕ್ಕೊಂದು, ಇನ್ನೂ ಖಾಲಿ ಇದ್ದವು. ಅವಳು ಆ ಕಾಗದವನ್ನು ಕಿಟಕಿಯ ಬಳಿಗೆ ಒಯ್ದಳು, ಮತ್ತೆ ಮೇಜಿಗೆ ತಂದಳು, ಒಲೆಯ ಮೇಲೆ ಹಾಲಿಟ್ಟು ಮರೆತವಳ ಹಾಗೆ ದಡದಡನೆ ಒಳಕೋಣೆಗೆ ಹೋಗಿ ಏನೂ ಮಾಡದೆ ತಿರುಗಿ ಬಂದಳು. ಕೃತಕ ಕಣ್ಣು ಮಾಡುವವರು ಆರು ವರ್ಷಕ್ಕೊಮ್ಮೆ ತಮ್ಮ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕು. ಹಿಂದೆ ಎರಡು ಸಲ ಅವಳು ನವೀಕರಿಸಿಕೊಂಡಿದ್ದಳು. ಎರಡು ಸಲವೂ ಈ ಪ್ರಶ್ನೆಯನ್ನು ಓದಿದ ನೆನಪೇ ಇಲ್ಲ. ದಿನವೂ ದಾಟುವ ಹೊಸ್ತಿಲನ್ನು ಯಾರು ನೋಡುತ್ತಾರೆ, ಎಡವಿದ ಮೇಲಲ್ಲವೆ. ಬಣ್ಣ ಬಣ್ಣಗಳ ಅಂತರವನ್ನು ಗುರುತಿಸುವುದಕ್ಕೆ ಅಡ್ಡಿಯಾಗುವ ದೃಷ್ಟಿದೋಷ ನಿಮಗೇನಾದರೂ ಇದೆಯೆ ಎಂದು ಅದು ಕೇಳುತ್ತಿತ್ತು, ಬ್ಯಾಂಕಿನ ಗುಮಾಸ್ತೆ ಊರ ಹೆಸರು ಕೇಳುವಷ್ಟು ತಣ್ಣಗೆ. ಹೌದು ಎಂದವರು ಪರವಾನಗಿ ಕೊಡುವ ಬೋರ್ಡಿನ ಮುಂದೆ ಪರೀಕ್ಷೆಗೆ ಕೂತು ಗೆದ್ದು ಬರುವ ತನಕ ಕುಂಚ ಮುಟ್ಟುವ ಹಾಗಿಲ್ಲ. ಅದಕ್ಕೆ ಎಷ್ಟು ತಿಂಗಳು ಹಿಡಿಯುತ್ತದೆಂದು ಎಲ್ಲೂ ಬರೆದಿರಲಿಲ್ಲ. ಅರ್ಜಿ ಇವತ್ತು ಸಂಜೆಯೊಳಗೆ ಅಂಚೆಗೆ ಬೀಳಬೇಕಿತ್ತು.

ಸ್ಟರ್ಲಿಂಗ್ ಹೈಟ್ಸಿನ ಆ ಅಂಗಡಿ ಸಾಲಿನಲ್ಲಿ ಅವಳದು ಕೊನೆಯ ಕೋಣೆ. ಮೈಗೆ ಕಂದು ಬಣ್ಣ ಬರಿಸುವ ಪಕ್ಕದ ಟ್ಯಾನಿಂಗ್ ಸಲೂನು ಜನವರಿಯಲ್ಲಿ ಮುಚ್ಚಿತು, ಅದರಾಚೆಯ ಪಿಜ್ಜಾ ಅಂಗಡಿ ಫೆಬ್ರವರಿಯಲ್ಲಿ. ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಕೂಡಿಹಾಕಿದ ಹಿಮ ಮಾರ್ಚಿ ತಿಂಗಳಾದರೂ ಕರಗದೆ ಮಣ್ಣಿನ ಗುಡ್ಡೆಯಂತೆ ಕೂತಿತ್ತು. ಆ ಹಿಮ ಅವಳಿಗೆ ಹಳದಿಯಾಗಿ ಕಾಣುತ್ತಿತ್ತು. ಕೊಳೆಯಿಂದ ಹಳದಿಯೋ, ತನ್ನಿಂದಲೋ? ಎರಡು ವರ್ಷದಿಂದ ಮೆಲ್ಲಗೆ ಶುರುವಾಗಿ, ಈ ಚಳಿಗಾಲವಿಡೀ ಲೋಕದ ಮೇಲೆ ಯಾರೋ ತೆಳುವಾಗಿ ಹರಳೆಣ್ಣೆ ಸವರಿದಂತಿತ್ತು, ಹಿತವಾಗಿಯೇ ಇತ್ತು, ಎಲ್ಲವೂ ಮಧ್ಯಾಹ್ನ ನಾಲ್ಕು ಗಂಟೆಯ ಬಿಸಿಲಿನಲ್ಲಿ ತೂಕಡಿಸುತ್ತಿರುವಂತೆ. ಪಕ್ಕದೂರು ಟ್ರಾಯ್‌ನ ದೇವಸ್ಥಾನದಲ್ಲಿ ಸಂಕ್ರಾಂತಿಯ ದಿನ, ಪರಿಚಯದವರ ಮಗಳು ಆರು ವರ್ಷದ ತನ್ಮಯಿ, ಎಳ್ಳುಬೆಲ್ಲದ ಪೊಟ್ಟಣ ಕೈಲಿ ಹಿಡಿದು, ಆಂಟಿ ಯುವರ್ ಸಾರಿ ಈಸ್ ಬ್ಲ್ಯಾಕ್ ಬಟ್ ಯುವರ್ ಬ್ಲೌಸ್ ಈಸ್ ಬ್ಲೂ ಎಂದಿದ್ದಳು. ಸುತ್ತ ನಿಂತ ಹೆಂಗಸರೆಲ್ಲ ನಕ್ಕರು. ಇಂದುವೂ ನಕ್ಕಳು, ಈಗ ಹೀಗೇ ಫ್ಯಾಷನ್ ಕಣೇ ಮರಿ ಎಂದಳು. ಆಮೇಲೆ ಪಾದರಕ್ಷೆಗಳ ಗೂಡಿನ ಹತ್ತಿರ ಒಬ್ಬಳೇ ನಿಂತು ರವಿಕೆಯ ತೋಳನ್ನು ಸೆರಗಿನ ಪಕ್ಕಕ್ಕೆ ಹಿಡಿದು ನೋಡಿದಳು, ದೀಪದ ಕೆಳಗೆ ಹಿಡಿದು ನೋಡಿದಳು. ಎರಡೂ ಒಂದೇ ಕಪ್ಪು. ಮೂವತ್ತು ವರ್ಷದಿಂದ ಕಣ್ಣಿಗೆ ಬಣ್ಣ ಹಾಕುವವಳು ತಾನು. ಕಣ್ಣಿನ ಡಾಕ್ಟರರು ತಮ್ಮ ರೋಗಿಗಳನ್ನು ಕಳಿಸುವುದು ಅವಳ ಬಳಿಗೆ. ಆ ಡಾಕ್ಟರರಲ್ಲಿ ಒಬ್ಬರ ಮುಂದೆಯೂ ಹೋಗಿ ಯಂತ್ರದ ಮೇಲೆ ಗದ್ದ ಊರಿ ಕೂರುವುದಕ್ಕೆ ಅವಳಿಂದ ಆಗಿರಲಿಲ್ಲ. ತೋರಿಸಿದರೆ ಅದಕ್ಕೊಂದು ಹೆಸರು ಬರುತ್ತದೆ. ಹೆಸರಿಲ್ಲದಿರುವ ತನಕ ಅದು ಬರೀ ಮಬ್ಬು, ಬರೀ ವಯಸ್ಸು, ಚಳಿಗಾಲ. ಗಂಡ ಜಗನ್ನಾಥ ಅಕ್ಟೋಬರಿನಿಂದ ಮನೆಯಲ್ಲಿದ್ದ. ಇಪ್ಪತ್ತಾರು ವರ್ಷ ದುಡಿದ ಕಾರ್ಖಾನೆ ಅವನನ್ನು ಒಂದು ಕೇಕು ಕತ್ತರಿಸಿ ಕಳಿಸಿಕೊಟ್ಟಿತ್ತು. ಈಗ ಮನೆ ನಡೆಯುವುದು ಈ ಕೋಣೆಯಿಂದ. ಬೆಳಿಗ್ಗೆ ಅವಳ ಡಬ್ಬಿಗೆ ಚಪಾತಿ ಕಟ್ಟುತ್ತ ಅವನು, ಅದೊಂದು ಫಾರ್ಮ್ ಮರೀಬೇಡ ಎಂದಿದ್ದ, ತಿರುಗಿ ನೋಡದೆ, ತನಗೆ ಅದು ಅಷ್ಟೇನೂ ದೊಡ್ಡ ವಿಷಯವಲ್ಲ ಎಂಬ ಧ್ವನಿಯಲ್ಲಿ. ಆ ಧ್ವನಿಯನ್ನು ಅವನು ಬಚ್ಚಲಲ್ಲಿ ಎಷ್ಟು ಸಲ ತಿದ್ದಿ ತಿದ್ದಿ ತಂದನೋ.

ಹತ್ತು ಗಂಟೆಗೆ ಪಂಚಾಕ್ಷರಿ ಬಂದ, ಜೊತೆಗೆ ತಾಯಿ ಕಮಲವ್ವ. ಗದಗಿನ ಕಡೆಯವನು, ಐವತ್ಮೂರು ವರ್ಷದ ಇಂಜಿನಿಯರು; ಕೆಲಸ ಹೋಗಿ ಮೂರು ತಿಂಗಳಾಗಿತ್ತು, ಇನ್ಶೂರೆನ್ಸು ಈ ತಿಂಗಳ ಕೊನೆಗೆ ಮುಗಿಯುತ್ತಿತ್ತು, ನಾಳೆ ಬೆಳಿಗ್ಗೆ ಆನ್ ಆರ್ಬರಿನಲ್ಲಿ ಒಂದು ಇಂಟರ್‌ವ್ಯೂ ಇತ್ತು. ಐದನೆಯ ವರ್ಷಕ್ಕೇ ಎಡಗಣ್ಣು ಕಳೆದುಕೊಂಡವನು. ಹಾಕಿಕೊಂಡಿದ್ದ ಹಳೆಯ ಕಣ್ಣು ಹನ್ನೊಂದು ವರ್ಷದ ಹಿಂದಿನದು. ಅದರಲ್ಲೇ ಇತ್ತು ತೊಂದರೆ: ಮಾಡಿದ ಕಣ್ಣಿಗೆ ವಯಸ್ಸಾಗುವುದಿಲ್ಲ. ಬಲಗಣ್ಣಿನ ಬಿಳಿ ಮಾಸಿ, ಕಣ್ಣಾಲಿಯ ಸುತ್ತ ಈ ವಯಸ್ಸಿನವರಿಗೆ ಮೂಡುವ ಬೂದಿ ಬಣ್ಣದ ಬಳೆ ಮೂಡುತ್ತಿದ್ದರೆ, ಎಡಗಣ್ಣು ಅದೇ ಮುಖದಲ್ಲಿ ನಲವತ್ತೆರಡಕ್ಕೆ ನಿಂತುಬಿಟ್ಟಿತ್ತು. ಮೊದಲ ದಿನವೇ ಅವನು, ಒಂದ ಮಾರಿಯೊಳಗ ಅಣ್ಣ ತಮ್ಮ ಇಬ್ರೂ ಅದಾರ ನೋಡ್ರಿ ಮೇಡಂ ಎಂದು ನಗಿಸಿದ್ದ. ಹಿಂದಿನ ವಾರ ಎರಡು ದಿನ ಅವನನ್ನು ಉತ್ತರದ ಕಿಟಕಿಯ ಎದುರು ಕೂರಿಸಿಕೊಂಡು, ಅವನ ಬದುಕಿರುವ ಕಣ್ಣನ್ನು ನೋಡುತ್ತ ನೋಡುತ್ತ, ಗುಂಡಿಯಷ್ಟಗಲದ ತಗಡಿನ ಮೇಲೆ ಪದರ ಪದರವಾಗಿ ಬಣ್ಣ ಹಾಕಿದ್ದಳು. ಹಳೆಯ ಬೆಲ್ಲದ ಕಂದು, ಅದರೊಳಗೆ ತಾಮ್ರದ ಎಳೆಗಳು, ಸುತ್ತ ಆ ಬಳೆ. ಬಿಳಿಯ ಮೇಲೆ ಕೆಂಪು ರೇಷ್ಮೆಯ ನೂಲನ್ನು ಎಳೆ ಬಿಡಿಸಿ ನರಗಳಾಗಿ ಹಾಸಿದ್ದಳು. ಇವತ್ತು ಹೊಳಪು ಕೊಟ್ಟ ಕಣ್ಣನ್ನು ರೆಪ್ಪೆಯೊಳಗೆ ಸರಿಸಿದಾಗ ಅದು ನೀರಿಗಿಳಿದ ಮೀನಿನಂತೆ ತಾನೇ ತಾನಾಗಿ ಜಾಗ ಹಿಡಿದು ಕೂತಿತು. ಅವಳು ಹಿಂದಕ್ಕೆ ಸರಿದು ನೋಡಿದಳು. ಎರಡು ಕಣ್ಣು, ಒಂದು ವಯಸ್ಸು. ಇಷ್ಟು ಕಾಣುವವಳಿಗೆ ಯಾವ ದೋಷ? ಇವರು ಹೋದ ಕೂಡಲೇ ಇಲ್ಲ ಎನ್ನುವ ಚೌಕಕ್ಕೆ ಗುರುತು ಹಾಕಿಬಿಡಬೇಕು. ಪಂಚಾಕ್ಷರಿ ಕನ್ನಡಿಯನ್ನು ಹಿಡಿದು ತುಸು ಹೊತ್ತು ನೋಡಿದ, ಕನ್ನಡಿಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಭಾಳ ಚಲೋ ಬಂದದ ಮೇಡಂ ಎಂದ. ಭಾಳ ಎನ್ನುವುದಕ್ಕೆ ಮುಂಚೆ ಒಂದು ಉಸಿರಿನ ಅಂತರವಿತ್ತು. ಅದನ್ನು ಅವಳು ಕೇಳಿಸಿಕೊಂಡದ್ದು ಆಮೇಲೆ.

ಕಮಲವ್ವ ಬಂದಾಗಿನಿಂದ ಮಗನ ಬಲಗಡೆಗೇ ಕೂತಿದ್ದಳು. ಹಿಂದಿನ ವಾರವೂ ಹಾಗೇ; ಕುರ್ಚಿ ಎಡಗಡೆ ಇದ್ದರೆ ಅದನ್ನು ಎಳೆದುಕೊಂಡು ಬಂದು ಬಲಗಡೆ ಹಾಕಿಕೊಂಡಿದ್ದಳು. ಎಪ್ಪತ್ತಾರರ ಮುದುಕಿ, ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡು ಈ ದೇಶಕ್ಕೆ ಬಂದವಳು, ಸೀರೆಯ ಮೇಲೆ ಮಗನ ಹಳೆಯ ಕೋಟು. ನೋಡಬೇ ಅವ್ವಾ ಎಂದು ಪಂಚಾಕ್ಷರಿ ತಾಯಿಯ ಕಡೆಗೆ ಪೂರ್ತಿ ತಿರುಗಿದ. ಅವಳು ತಪ್ಪಿಸಿಕೊಳ್ಳಲಾಗದೆ ಒಂದು ಗಳಿಗೆ ನೋಡಿದಳು, ಕೂಡಲೇ ಕಿಟಕಿಯ ಕಡೆಗೆ ಮುಖ ಮಾಡಿದಳು.

"ಚಂದ ಐತೆಪ್ಪಾ. ಆದ್ರ ನೀಲಿ ಬಳಿ ಯಾಕ ಹಾಕ್ಯಾರ ಅದಕ?"

ಪಂಚಾಕ್ಷರಿ ನಕ್ಕ. ಅವ್ವನಿಗೆ ಏನೇನೋ ಕಾಣಸ್ತದ ಎಂದ. ನೀವೇನೂ ಮನಸ್ಸಿಗೆ ಹಚ್ಚಿಕೊಳ್ಳಬ್ಯಾಡ್ರಿ ಎಂದ. ಅವನು ಇಂದುವಿನ ಮುಖವನ್ನು ನೋಡದೆ ಇದನ್ನು ಹೇಳಿದ್ದರಿಂದ ಅವಳಿಗೆ ಎಲ್ಲವೂ ತಿಳಿದುಹೋಯಿತು. ಅವನು ಕನ್ನಡಿಯಲ್ಲಿ ಮೊದಲೇ ಕಂಡಿದ್ದ. ಕಂಡು, ಭಾಳ ಚಲೋ ಬಂದದ ಎಂದಿದ್ದ.

ಅವನನ್ನು ಬಾಗಿಲಿಗೆ ಕರೆದೊಯ್ದು ಹೊರಗಿನ ಬೆಳಕಿನಲ್ಲಿ ನಿಲ್ಲಿಸಿ ನೋಡಿದಳು. ಎರಡು ಕಣ್ಣು, ಒಂದೇ ಬೂದಿ. ಅವಳಿಗೆ ಎಷ್ಟು ಹುಡುಕಿದರೂ ಒಂದೇ. ಈಗ ಹಿಂದಿನ ವಾರದ ಆ ಹೊತ್ತು ಮತ್ತೆ ಬಂದು ಎದುರಿಗೆ ನಿಂತಿತು. ಬೂದಿ ಬಣ್ಣಕ್ಕೆ ಒಂದು ಕಾಳಿನಷ್ಟು ನೀಲಿ ಬೇಕೆಂದು ಸೀಸೆಯಿಂದ ತೆಗೆದು ಬೆರೆಸಿದ್ದು, ಸಾಲದೆನ್ನಿಸಿ ಮತ್ತೊಂದು ಕಾಳು, ಇನ್ನೂ ಸಾಲದೆನ್ನಿಸಿ ಮತ್ತೊಂದು. ಕಾಣದ ಉಪ್ಪನ್ನು ಸಾರಿಗೆ ಹಾಕುತ್ತಲೇ ಹೋದ ಅಡಿಗೆಯವಳ ಹಾಗೆ. ಕಣ್ಣಿನ ಮುಂದಿನ ಹಳದಿಯೆಲ್ಲ ನೀಲಿಯನ್ನು ಕುಡಿಯುತ್ತಿತ್ತು, ಅವಳು ಸುರಿಯುತ್ತಿದ್ದಳು. ಬೇರೆ ಯಾವ ಕಸುಬಿನವನೂ ಇಂಥ ತಪ್ಪು ಮಾಡಲಾರ ಎಂದುಕೊಂಡಾಗ ಅವಳಿಗೆ ನಗುವಿನಂಥದೇನೋ ಬಂತು. ಅದು ಮುಗಿಯುವ ಮೊದಲೇ, ಈ ಎರಡು ವರ್ಷದಲ್ಲಿ ಈ ಕೋಣೆಯಿಂದ ಹೋದ ಕಣ್ಣುಗಳೆಲ್ಲ ನೆನಪಾದವು. ಈ ಸೀಮೆಯಲ್ಲಿ ಮುಕ್ಕಾಲು ಜನ ನೀಲಿಗಣ್ಣಿನವರೇ. ಶಾಲೆಯ ಬಸ್ಸು ಓಡಿಸುವ ಮುದುಕ, ಚರ್ಚಿನಲ್ಲಿ ಆರ್ಗನ್ ನುಡಿಸುವ ವಿಧವೆ, ಪಟಾಕಿಯಿಂದ ಕಣ್ಣು ಹೋದ ಹೈಸ್ಕೂಲಿನ ಹುಡುಗಿ. ಬ್ಯೂಟಿಫುಲ್, ಬ್ಯೂಟಿಫುಲ್ ಎನ್ನುತ್ತ ಅವಳ ಕೈ ಕುಲುಕಿ ಹೋದವರು. ಅವರ ಮುಖದಲ್ಲಿ ಯಾವ ಯಾವ ಆಕಾಶಗಳನ್ನು ಕೂರಿಸಿ ಕಳಿಸಿದ್ದಳೋ. ಆ ಹುಡುಗಿ ಎರಡನೆಯ ಸಲ ತೋರಿಸುವುದಕ್ಕೆ ಬಂದಾಗ ಕೂದಲನ್ನು ಮುಖದ ಒಂದು ಪಕ್ಕಕ್ಕೆ ಇಳಿಬಿಟ್ಟಿದ್ದಳು. ಹೊಸ ಮಾದರಿಯೇ, ಚೆನ್ನಾಗಿ ಒಪ್ಪುತ್ತೆ ಎಂದಿದ್ದಳು ಇಂದು.

ನೊವಾಕ್ ಹೀಗೇ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವಳಿಗೆ ಕಸುಬು ಕಲಿಸಿದವನು, ಈ ಕೋಣೆ ಮೊದಲು ಅವನದು. ಹಲ್ಲಿನ ಸೆಟ್ಟು ಮಾಡುವ ಕಡೆ ಅರೆಯುವ ಕೆಲಸಕ್ಕಿದ್ದ ಅವಳನ್ನು, ನಿನ್ನ ಬೆರಳಿಗೆ ಆತುರವಿಲ್ಲ ಎಂದು ಕರೆತಂದವನು. ಕೊನೆಕೊನೆಯ ವರ್ಷಗಳಲ್ಲಿ ಅವನು ಒಂದೊಂದು ಕಣ್ಣಾಲಿಗೂ ಬಣ್ಣ ಮುಗಿಸಿ ಚಿಮಟದಲ್ಲಿ ಎತ್ತಿ ಅವಳ ಮುಂದೆ ಹಿಡಿಯುತ್ತಿದ್ದ. ಇಂದು, ನಿನಗೇನು ಕಾಣುತ್ತೆ ಹೇಳು. ಅವಳು ಪರೀಕ್ಷೆಗೆ ಬಂದ ಹುಡುಗಿಯಂತೆ ನೆಟ್ಟಗೆ ನಿಂತು, ಹಸಿರು ಸ್ವಲ್ಪ ಜಾಸ್ತಿ ಎನ್ನುತ್ತಿದ್ದಳು, ಅಂಚು ಇನ್ನೂ ಮಾಸಬೇಕು ಎನ್ನುತ್ತಿದ್ದಳು. ಗುಡ್, ಗುಡ್ ಎಂದು ತಲೆಯಾಡಿಸಿ ಅವನು ತಿದ್ದುತ್ತಿದ್ದ. ಎಂಥ ಗುರು, ಮನೆಗೆ ಬಂದು ಜಗನ್ನಾಥನಿಗೆ ಹೇಳುತ್ತಿದ್ದಳು, ತಾನು ಬೇಕೆಂತಲೇ ತಪ್ಪು ಮಾಡಿ ನನ್ನಿಂದ ಹೇಳಿಸ್ತಾರೆ ಕಣ್ರೀ. ಅವನು ಸತ್ತು ಎಂಟು ವರ್ಷವಾದ ಮೇಲೆ, ಈ ಬಾಗಿಲಲ್ಲಿ, ಮಾರ್ಚಿಯ ಗಾಳಿಗೆ ಕಿವಿ ಮರಗಟ್ಟುತ್ತಿರುವಾಗ, ಅವನು ಕಲಿಸುತ್ತಿರಲಿಲ್ಲ ಎಂದು ಅವಳಿಗೆ ತಿಳಿಯಿತು. ಕೇಳುತ್ತಿದ್ದ. ಕಾಣದವನು ದಾರಿ ಕೇಳುವಂತೆ ಕೇಳುತ್ತಿದ್ದ, ಮರ್ಯಾದೆ ಹೋಗದ ಹಾಗೆ. ಆ ವರ್ಷಗಳಲ್ಲೇ ಒಂದು ಸಲ ಅವನೂ ಈ ಅರ್ಜಿಯನ್ನು ತುಂಬಿದ್ದ, ಆಮೇಲೂ ಕುಂಚ ಬಿಟ್ಟಿರಲಿಲ್ಲ. ಅವನು ಸಹಿ ಹಾಕಿ ಕೊಟ್ಟ ಲಕೋಟೆಯನ್ನು ಅಂಚೆಗೆ ಹಾಕಿ ಬಂದವಳು ತಾನೇ.

ಪಂಚಾಕ್ಷರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಇದ್ದಂಗ ಇರಲಿ ಬಿಡ್ರಿ ಎಂದ. ಇಂಟರ್‌ವ್ಯೂನಾಗ ಅವರು ರೆಸ್ಯೂಮೆನ ನೆಟ್ಟಗ ನೋಡಂಗಿಲ್ಲ, ಕಣ್ಣು ನೋಡ್ತಾರೇನ್ರಿ? ಹೋಗಲಿ ಬಿಡಿ ಎನ್ನುವುದು ಎಷ್ಟು ಸುಲಭವಾಗಿತ್ತು. ಅವನ ಒಳ್ಳೆಯತನ ತೆರೆದ ಬಾಗಿಲ ಹಾಗೆ ಎದುರಿಗಿತ್ತು. ಅದರೊಳಗೆ ಹಾದು ಹೋದರೆ ಹದಿನಾಲ್ಕನೆಯ ಪ್ರಶ್ನೆಯ ಆಚೆ ದಡ. ಇಂದು ಅಲ್ಲೇ ನಿಂತಿದ್ದಳು. ಅವಳ ಬಾಯಿಂದ ಬಂದ ಮಾತು ಅವಳಿಗೇ ಬೇರೆ ಯಾರದೋ ಮಾತಿನ ಹಾಗೆ ಕೇಳಿಸಿತು.

"ಪಂಚಾಕ್ಷರಿಯವರೇ, ನನಗೆ ನೀಲಿ ಕಾಣ್ತಿಲ್ಲ."

ಅವನು ಗುಂಡಿ ಹಾಕುವುದನ್ನು ನಿಲ್ಲಿಸಿದ. ಮುದುಕಿ ಮಾತ್ರ ಕುರ್ಚಿಯಿಂದಲೇ, ಪೊರಿ ಬಂದಿರಬೇಕು ತಗೀಸವ್ವಾ, ನಂಗೂ ಹಂಗ ಆಗಿತ್ತು, ಲಗ್ನದ ಸೀರಿ ಗುರ್ತ ಸಿಗದಂಗ ಆಗಿತ್ತು ಎಂದಳು, ನೆಗಡಿಗೆ ಕಷಾಯ ಹೇಳಿದಷ್ಟು ಸಲೀಸಾಗಿ. ಅಷ್ಟೇ. ನಾಲ್ಕು ದಿನದಿಂದ, ಅಲ್ಲ ಎರಡು ವರ್ಷದಿಂದ, ಅವಳು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಿರುಗಿದ್ದು ಹೀಗೆ ನೆಲಕ್ಕೆ ಬಿದ್ದು, ಸದ್ದೇ ಮಾಡದೆ ಬಿದ್ದಿತ್ತು. ನಾಲ್ಕು ಗಂಟೆಯ ತನಕ ಟೈಮ್ ಕೊಡಿ ಎಂದಳು ಇಂದು. ಮೇಲಿನ ಗಾಜಿನಂಥ ಪದರವನ್ನು ಅರೆದು ತೆಗೆದು, ಬಳೆಯನ್ನು ಅಳಿಸಿ ಬೇರೆ ಬರೆಯುತ್ತೇನೆ. ಆದರೆ ನಿಮ್ಮ ತಾಯಿ ನನ್ನ ಪಕ್ಕ ಕೂತು ಹೇಳಬೇಕು.

ಕಮಲವ್ವ ಆಗಲ್ಲ ಎಂದಳು. ಬೇರೆ ಯಾರನ್ನಾದರೂ ಕರೆಸು ಎಂದಳು. ಯಾರು ಸಿಗುತ್ತಾರೆ ಸೋಮವಾರದ ಹಗಲಲ್ಲಿ, ಕನ್ನಡಿ ಹಿಡಿದರೆ ಪಂಚಾಕ್ಷರಿಯೇ ಹೇಳಬಹುದಿತ್ತು, ಆದರೆ ಅವನ ಕಣ್ಣು ನೇರ ಕಿಟಕಿಯನ್ನು ನೋಡುತ್ತಿರಬೇಕು, ಅಲುಗಬಾರದು. ಮುದುಕಿ ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಆಮೇಲೆ ಅವಳು ಹೇಳಿದ್ದನ್ನು ಇಂದು ತಲೆ ತಗ್ಗಿಸಿ, ಅವನಿಂದ ತೆಗೆದ ಕಣ್ಣನ್ನು ಅರೆಯುವ ಚಕ್ರದ ಸದ್ದಿನ ನಡುವೆಯೇ ಕೇಳಿಸಿಕೊಂಡಳು. ಕಣ್ಣು ಕೆಂಪಾಗಿ ಮಗು ಮೂರು ದಿನ ಅತ್ತಿತ್ತು. ಓಣಿಯ ಹಿರಿಯಳೊಬ್ಬಳು ಯಾವುದೋ ಬೇರು ತೇಯ್ದು ಕೊಟ್ಟಿದ್ದಳು. ಮಗುವಿನ ಕೈಕಾಲು ಒತ್ತಿ ಹಿಡಿದು ಕಣ್ಣಿಗೆ ಬಿಟ್ಟದ್ದು ಈ ಕೈ. ಅವತ್ತಿನಿಂದ ಅವಳು ಮಗನಿಗೆ ಬಲಗಡೆಯಿಂದಲೇ ಉಣ್ಣಿಸಿದಳು, ಬಲಗಡೆಯಿಂದಲೇ ತಲೆ ಬಾಚಿದಳು, ಲಗ್ನದಲ್ಲಿ ಬಲಗಡೆ ನಿಂತು ಅಕ್ಷತೆ ಹಾಕಿದಳು. ಪಂಚಾಕ್ಷರಿ ಇದನ್ನು ಮೊದಲು ಕೇಳಿದ್ದನೋ ಇಲ್ಲವೋ. ಅವನು ಖಾಲಿ ರೆಪ್ಪೆಯನ್ನು ಮುಚ್ಚಿಕೊಂಡು ಕಿಟಕಿಯನ್ನೇ ನೋಡುತ್ತ, ಸಾಕು ಬಾರಬೇ, ಕುಂದರು ಬಾ ಎಂದ.

ಅವಳು ಬಂದು ಕೂತಳು. ಮೊದಲು ಬಲಗಣ್ಣನ್ನು ನೋಡಿದಳು, ಆಮೇಲೆ ಇಂದುವಿನ ಕೈಯಲ್ಲಿದ್ದ ಕಣ್ಣನ್ನು. ಕಿಟಕಿಯ ಬೆಳಕು ಮೂವರ ಮೇಲೂ ಸಮನಾಗಿ ಬೀಳುತ್ತಿತ್ತು. ಹೊರಗೆ ಯಾವ ಕಾರೂ ಓಡುತ್ತಿರಲಿಲ್ಲ, ರಸ್ತೆಯೇ ರಜೆ ಹಾಕಿದಂತಿತ್ತು. ಏನು ಕಾಣುತ್ತೆ ಹೇಳಿ ಎಂದಳು ಇಂದು, ಕುಂಚ ಎತ್ತಿಕೊಂಡು. ಬೂದಿ ಬಣ್ಣ ಎಂದಳು ಮುದುಕಿ. ಯಾವ ಬೂದಿ? ಸೌದೆ ಬೂದಿಯಲ್ಲ, ಸಗಣಿ ಕುಳ್ಳಿನ ಬೂದಿ. ಬೆಳಗ್ಗೆದ್ದು ಒಲೆಯಿಂದ ತೆಗೆಯುವ ತಣ್ಣಗಿನದಲ್ಲ, ಇನ್ನೂ ಬೆಚ್ಚಗಿರುವಾಗಿನದು. ಇಂದು ಬಿಳಿ ತೆಗೆದುಕೊಂಡಳು, ಕಾವಿಯ ಚೂರು, ಕಪ್ಪು ಸೂಜಿಮೊನೆಯಷ್ಟು, ಸೀಸೆಗಳ ಹೆಸರು ಓದಿ ಓದಿ ತೆಗೆದಳು. ನೀಲಿಯ ಸೀಸೆಯನ್ನು ಮುಟ್ಟಲಿಲ್ಲ. ಒಂದು ತೊಟ್ಟು ಹಚ್ಚಿ ತೋರಿಸಿದಳು. ಮುದುಕಿ ಬೇಡವೆಂದು ತಲೆಯಾಡಿಸಿದಳು. ಒರೆಸಿದಳು. ಮತ್ತೆ ಹಚ್ಚಿದಳು, ಮತ್ತೆ ಒರೆಸಿದಳು. ಹೀಗೆ ಎಷ್ಟು ಸಲವೋ. ಕಮಲವ್ವ ಈಗ ಮಗನ ಮುಖಕ್ಕೆ ಗೇಣಿನಷ್ಟು ಹತ್ತಿರ ಬಗ್ಗಿ, ಅವನ ಗದ್ದವನ್ನು ಕೈಯಲ್ಲಿ ಹಿಡಿದು, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಆ ಕಣ್ಣೊಳಗೆ ಹುಡುಕುತ್ತಿದ್ದಳು. ಅವಳ ಉಸಿರು ತಾಗಿ ಅವನ ರೆಪ್ಪೆ ಅದುರಿತು.

"ಹಣಿಗೆ ಇಬತ್ತಿ ಹಚ್ಚಿ ಬಿಸಲಾಗ ನಡದ ಬಂದಾಗ, ಬೆವತು ಹೆಂಗ ಕಾಣತೈತಿ, ಹಂಗ ಐತವ್ವಾ ಇದು."

ಬಣ್ಣ ಕಾಣದಿದ್ದರೂ ಅದು ಇಂದುವಿಗೆ ಕಂಡಿತು. ಮೈಸೂರಿನ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಗುರುಶಾಂತಪ್ಪ ಮೇಷ್ಟ್ರು ಮಧ್ಯಾಹ್ನದ ಬಿಸಿಲಲ್ಲಿ ನಡೆದು ಬಂದು ತರಗತಿಗೆ ಕಾಲಿಟ್ಟಾಗ, ವಿಭೂತಿಯ ಮೂರು ಗೆರೆ ಬೆವರಿನಲ್ಲಿ ನೆಂದು, ಅದರಡಿಯಿಂದ ಅವರ ಚರ್ಮ ಮೆಲ್ಲಗೆ ಮೇಲಕ್ಕೆ ಬರುತ್ತಿತ್ತು. ಬಿಳಿ ಮೇಲೆ ಕೂತಿರಲಿಲ್ಲ, ಕೆಳಗಿನ ಕಂದು ತೋರುವಷ್ಟು ತೆಳುವಾಗಿತ್ತು. ತನ್ನ ತಪ್ಪು ಬರೀ ನೀಲಿಯಲ್ಲ, ದಪ್ಪ ಹಚ್ಚಿದ್ದೂ ಹೌದು. ಅವಳು ಬಣ್ಣವನ್ನು ನೀರಾಗಿಸಿಕೊಂಡಳು. ಐವತ್ತು ವರ್ಷದ ಹಿಂದಿನ ಒಂದು ಹಣೆಯನ್ನು ನೋಡುತ್ತ, ಬೆರಳಿನ ಅಭ್ಯಾಸದಿಂದಲೇ ಬಳೆಯನ್ನು ಸುತ್ತ ಎಳೆದಳು. ಮುದುಕಿ ಆ ಕಣ್ಣನ್ನೂ ಈ ಕಣ್ಣನ್ನೂ ನೋಡಿದಳು. ಹೂಂ ಎಂದಳು ಕೊನೆಗೆ.

ಮೇಲಿನ ಪದರ ಹಾಕಿ ಗಟ್ಟಿಯಾಗಲೆಂದು ಬಿಸಿನೀರಿನ ಪಾತ್ರೆಗಿಟ್ಟು, ಮೂವರೂ ಜಗನ್ನಾಥ ಕಟ್ಟಿಕೊಟ್ಟ ಚಪಾತಿಯನ್ನು ಹಂಚಿಕೊಂಡು ತಿಂದರು. ನಿಮ್ಮ ಮನಿಯವರ ಕೈ ಚಲೋ ಐತಿ ಎಂದಳು ಕಮಲವ್ವ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕಣ್ಣು ಮತ್ತೆ ಜಾಗಕ್ಕೆ ಹೋಯಿತು. ಪಂಚಾಕ್ಷರಿ ಕನ್ನಡಿ ಕೇಳಲಿಲ್ಲ, ತಾಯಿಯ ಮುಂದೆ ಹೋಗಿ ನಿಂತ. ಅವಳು ನೋಡಿದಳು. ಬಾಗಿಲ ತನಕ ಹೋಗುವಾಗ ಯಾವ ಕಡೆ ನಡೆಯುವುದೆಂದು ತಿಳಿಯದವಳಂತೆ ಒಂದು ಕ್ಷಣ ಹಿಂದೆ ಉಳಿದು, ಆಮೇಲೆ ಮಗನ ಎಡಗೈ ಹಿಡಿದುಕೊಂಡಳು. ಹೊಸ್ತಿಲಲ್ಲಿ ಪಂಚಾಕ್ಷರಿ ತಿರುಗಿ, ಮೇಜಿನ ಮೇಲಿದ್ದ ಕಾಗದದ ಕಡೆ ಒಮ್ಮೆ ನೋಡಿ, ನಾ ಯಾರ ಮುಂದೂ ಹೇಳಂಗಿಲ್ರಿ ಮೇಡಂ ಎಂದ. ಅವನು ಅದನ್ನು ಕೊಡುಗೆಯಾಗಿಯೇ ಕೊಟ್ಟ. ಅವಳು ಕೊಡುಗೆ ತೆಗೆದುಕೊಂಡವಳ ಹಾಗೆಯೇ ತಲೆಬಾಗಿದಳು.

ಅವರ ಕಾರು ರಸ್ತೆಗಿಳಿದ ಮೇಲೆ ಕೂತು ಹೌದು ಎನ್ನುವ ಚೌಕಕ್ಕೆ ಗುರುತು ಹಾಕಿದಳು. ಪೆನ್ನು ಕಾಗದ ಮುಟ್ಟುವಾಗ ದೊಡ್ಡದೇನೋ ಆಗುತ್ತದೆಂದು ಕಾದಿದ್ದಳು. ಒಂದು ಗೀಟು, ಇನ್ನೊಂದು ಗೀಟು. ವಿವರಿಸಿ ಎಂದು ಬಿಟ್ಟಿದ್ದ ಮೂರು ಸಾಲಿನಲ್ಲಿ, ನೀಲಿ ಸರಿಯಾಗಿ ಕಾಣುವುದಿಲ್ಲ, ಎರಡು ವರ್ಷದಿಂದ ಇರಬಹುದು, ಆ ಅವಧಿಯಲ್ಲಿ ನಾನು ಬಣ್ಣ ಹಾಕಿದ ಕಣ್ಣುಗಳನ್ನು ಬೇರೆಯವರಿಂದ ಪರೀಕ್ಷೆ ಮಾಡಿಸಬೇಕು ಎಂದು ಬರೆದಳು. ಹಾಗೆ ಕರೆಯಬೇಕಾದವರ ಹೆಸರುಗಳನ್ನು ಬೇರೊಂದು ಹಾಳೆಯಲ್ಲಿ ಬರೆಯುತ್ತ ಹೋದಳು. ಹೈಸ್ಕೂಲಿನ ಹುಡುಗಿಯದು ಮೊದಲ ಹೆಸರು. ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತವರೆಲ್ಲ ಕೈಯಲ್ಲಿ ಕೆಲಸದ ಅರ್ಜಿಗಳನ್ನೇ ಹಿಡಿದಿದ್ದರು ಎನ್ನಿಸಿತು. ಗುಮಾಸ್ತೆ ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿನ ಡಬ್ಬಕ್ಕೆ ಎಸೆದಳು, ನೋಡದೆ.

ಕಾರಿನಲ್ಲಿ ಕೂತಾಗ ಫೋನು ಬಂತು.

"ಹಾಕಿದ್ಯಾ?" ಎಂದ ಜಗನ್ನಾಥ.

"ಹಾಕ್ದೆ."

"ಎಲ್ಲಾ ಕರೆಕ್ಟಾಗಿ ಫಿಲ್ ಮಾಡಿದೀಯ ತಾನೇ? ಒಂದೂ ಬಿಟ್ಟಿಲ್ವಲ್ಲ?"

"ಒಂದೂ ಬಿಟ್ಟಿಲ್ಲ."

ಆ ಕಡೆಯಿಂದ ಉಸಿರು ಹೊರಗೆ ಬಿಟ್ಟದ್ದು ಕೇಳಿಸಿತು, ಅಕ್ಟೋಬರಿನಿಂದ ಹಿಡಿದಿಟ್ಟುಕೊಂಡಿದ್ದ ಉಸಿರು. "ಸದ್ಯ. ಇನ್ನಾರು ವರ್ಷ ಯೋಚನೆ ಇಲ್ಲ ಬಿಡು. ಅನ್ನಕ್ಕಿಡ್ತೀನಿ, ನಿಧಾನವಾಗಿ ಬಾ."

ಹೇಳಬೇಕೆಂದು ಬಾಯಿ ತೆರೆದಳು. ಅವನು ಆಗಲೇ ಏನೋ ಗುನುಗತೊಡಗಿದ್ದ, ಫೋನು ಇಡುವುದನ್ನೂ ಮರೆತು. ಪಾತ್ರೆ ತೊಳೆಯುವ ಸದ್ದು, ನಲ್ಲಿಯ ಸದ್ದು, ಅದರೊಳಗೆ ಅವನ ಆ ಗುನುಗು. ಎಷ್ಟು ತಿಂಗಳಾಗಿತ್ತು ಅದನ್ನು ಕೇಳಿ. ಅವನ ಮುಖ ನೋಡಿಕೊಂಡೇ ಹೇಳಬೇಕು, ಕಾಲು ಒಳಗಿಟ್ಟ ಕೂಡಲೇ, ಊಟಕ್ಕೆ ಕೂರುವುದಕ್ಕೆ ಮುಂಚೆ. ಅವಳು ಫೋನನ್ನು ಮೆಲ್ಲಗೆ ಪಕ್ಕದ ಸೀಟಿನ ಮೇಲಿಟ್ಟು ಕಾರು ಹೊರಡಿಸಿದಳು. ಮನೆ ಏಳು ಮೈಲಿ. ಫ್ರೀವೇಗೆ ಹೋಗುವ ತಿರುವು ಬಂದಾಗ ಸಿಗ್ನಲ್ಲು ಹಸಿರಿತ್ತು, ಹಿಂದಿನವರು ಹಾರ್ನ್ ಮಾಡಿದರು. ಅವಳು ತಿರುಗಲಿಲ್ಲ. ಪ್ರತಿ ಮೈಲಿಗೂ ಸಿಗ್ನಲ್ಲು ನಿಲ್ಲಿಸುವ ಒಳರಸ್ತೆಯಲ್ಲೇ, ಎಲ್ಲರಿಗೂ ದಾರಿ ಬಿಟ್ಟುಕೊಡುತ್ತ, ಬಲಪಕ್ಕಕ್ಕೆ ನಿಧಾನವಾಗಿ ನಡೆಸಿದಳು.